ಹಿಲ್ ಕ್ಲೈಂಬ್ ನೋಡಲು ಹೊರಟವರು ಎಲ್ಲಿ ನಿಲ್ಲಬೇಕು?

ಬೆಟ್ಟ ಹತ್ತುವ ಕಾರುಗಳ ಸ್ಪರ್ಧೆಗೆ ಹೊರಟವರು ಮೊದಲು ವಿಚಾರಿಸುವುದು ಯಾವ ಕಾರು ಬರುತ್ತಿದೆ, ಯಾರು ಗೆಲ್ಲಬಹುದು ಎಂದು. ನನ್ನನ್ನು ಕೇಳಿದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ನಾನು ಎಲ್ಲಿ ನಿಲ್ಲುತ್ತೇನೆ ಮತ್ತು ಎಷ್ಟು ಹೊತ್ತಿಗೆ ಅಲ್ಲಿರಬೇಕು ಎಂಬುದು. ಸರ್ಕ್ಯೂಟ್ ರೇಸಿನಲ್ಲಿ ಕಾರುಗಳು ಸುತ್ತು ಹಾಕಿ ಮತ್ತೆ ಎದುರಿಗೆ ಬರುತ್ತವೆ. ಒಂದು ಸುತ್ತಿನಲ್ಲಿ ಕಾಣದಿದ್ದದ್ದು ಮುಂದಿನ ಸುತ್ತಿನಲ್ಲಿ ಕಾಣುತ್ತದೆ. ಇಲ್ಲಿ ಹಾಗಿಲ್ಲ. ಕೆಳಗಿನಿಂದ ಒಂದೊಂದೇ ಕಾರು ಹೊರಡುತ್ತದೆ, ಗಡಿಯಾರದ ವಿರುದ್ಧ ಓಡುತ್ತದೆ, ನಿಮ್ಮ ಮುಂದೆ ಒಮ್ಮೆ ಹಾದು ಮೇಲಕ್ಕೆ ಹೋಗಿಬಿಡುತ್ತದೆ. ಹಿಂದಿಕ್ಕುವುದು, ಪಕ್ಕಕ್ಕೆ ಪಕ್ಕ ತಾಗಿಸಿಕೊಂಡು ಓಡುವುದು ಯಾವುದೂ ಇಲ್ಲ. ನೀವು ನಿಂತ ಜಾಗ ತೋರಿಸಿದಷ್ಟೇ ನಿಮ್ಮ ಪಾಲಿನ ಓಟ.

ಸ್ವಲ್ಪ ಲೆಕ್ಕ ಹಾಕೋಣ. ನೀವು ನಿಂತಲ್ಲಿಂದ 150 ಮೀಟರ್ ರಸ್ತೆ ಕಾಣುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ನಿಮ್ಮ ಕಣ್ಣಿಗೆ ಬೀಳುವುದು ಐದು ಸೆಕೆಂಡಿಗಿಂತ ತುಸು ಹೆಚ್ಚು. ಅದೇ 150 ಮೀಟರಿನ ನಡುವೆ ಹೇರ್‌ಪಿನ್ ತಿರುವು (ರಸ್ತೆ ಬಂದ ದಿಕ್ಕಿಗೇ ಹೊರಳುವ ಬಿಗಿ ತಿರುವು) ಬಂದು ಸರಾಸರಿ ವೇಗ 40ಕ್ಕೆ ಇಳಿದರೆ ಹದಿಮೂರು ಸೆಕೆಂಡು ಸಿಗುತ್ತದೆ. ಇಡೀ ದಿನ ಬಿಸಿಲಿನಲ್ಲಿ ಕಾಯುವವರಿಗೆ ಐದಕ್ಕೂ ಹದಿಮೂರಕ್ಕೂ ಇರುವ ಅಂತರ ಸಣ್ಣದಲ್ಲ.

ಮೊದಲು ಸ್ಪರ್ಧೆಯ ಸ್ವರೂಪ ತಿಳಿಯಿರಿ

ಎಲ್ಲ ಹಿಲ್ ಕ್ಲೈಂಬ್‌ಗಳೂ ಒಂದೇ ಅಳತೆಯವಲ್ಲ. ಇಂಗ್ಲೆಂಡಿನ ಶೆಲ್ಸ್‌ಲಿ ವಾಲ್ಶ್‌ನಲ್ಲಿ 1905ರಿಂದ ಸ್ಪರ್ಧೆ ನಡೆಯುತ್ತಿದೆ. ಅಲ್ಲಿಯ ರಸ್ತೆಯ ಉದ್ದ ಒಂದು ಸಾವಿರ ಗಜ, ಅಂದರೆ 914 ಮೀಟರ್ ಮಾತ್ರ. ವೇಗದ ಕಾರುಗಳು ಅದನ್ನು 25 ಸೆಕೆಂಡಿನೊಳಗೆ ಮುಗಿಸಿಬಿಡುತ್ತವೆ. ಇಟಲಿಯ ಟ್ರೆಂಟೊ–ಬೊಂಡೊನೆ 17.3 ಕಿಲೋಮೀಟರ್. ಅಮೆರಿಕದ ಕೊಲೊರಾಡೊದ ಪೈಕ್ಸ್ ಪೀಕ್ 19.99 ಕಿಲೋಮೀಟರ್, 156 ತಿರುವು. ಆರಂಭದ ಗೆರೆಯೇ 2,862 ಮೀಟರ್ ಎತ್ತರದಲ್ಲಿದ್ದರೆ ಮುಕ್ತಾಯ 4,302 ಮೀಟರಿನಲ್ಲಿ. ಗಿಡ್ಡ ರಸ್ತೆಯ ಸ್ಪರ್ಧೆಯಲ್ಲಿ ಪ್ರತಿ ಕಾರೂ ದಿನಕ್ಕೆ ಹಲವು ಬಾರಿ ಓಡುತ್ತದೆ, ನಡುವೆ ನೀವು ಜಾಗ ಬದಲಾಯಿಸಬಹುದು. ಯುರೋಪಿನ ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಶನಿವಾರ ಅಭ್ಯಾಸದ ಓಟ, ಭಾನುವಾರ ಸ್ಪರ್ಧೆಯ ಓಟ. ಎರಡು ಓಟವಿದ್ದಲ್ಲಿ ಎರಡರ ಸಮಯವನ್ನೂ ಕೂಡಿ ಫಲಿತಾಂಶ ಹೇಳುವುದು ವಾಡಿಕೆ. ಪೈಕ್ಸ್ ಪೀಕ್‌ನಲ್ಲಿ ಸ್ಪರ್ಧೆಯ ದಿನ ಸಿಗುವುದು ಒಂದೇ ಓಟ.

ಇದನ್ನು ತಿಳಿದುಕೊಂಡೇ ಟಿಕೆಟ್ ಕೊಳ್ಳಿ. ಒಂದೇ ಓಟದ ಸ್ಪರ್ಧೆಯಾದರೆ ಅಭ್ಯಾಸದ ದಿನಕ್ಕೂ ಹೋಗುವುದು ಲಾಭ. ನಿಜ ಹೇಳಬೇಕೆಂದರೆ ನನಗೆ ಅಭ್ಯಾಸದ ದಿನವೇ ಹೆಚ್ಚು ಇಷ್ಟ. ಜನ ಕಡಿಮೆ, ಚಾಲಕರು ಒಂದೊಂದು ಸಲ ಒಂದೊಂದು ರೀತಿ ಪ್ರಯತ್ನಿಸುತ್ತಾರೆ, ಅದೇ ತಿರುವಿನಲ್ಲಿ ಅದೇ ಕಾರು ಬೆಳಿಗ್ಗೆ ಹೇಗೆ ಹೋಯಿತು, ಮತ್ತೊಂದು ಓಟದಲ್ಲಿ ಹೇಗೆ ಹೋಯಿತು ಎಂದು ಹೋಲಿಸಿ ನೋಡಬಹುದು.

ಸ್ಪರ್ಧಿಗಳ ಪಟ್ಟಿಯನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ; ಕಾಗದದ ಮೇಲೆ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ. ಸಿಕ್ಕರೂ ಸಾವಿರಾರು ಜನ ಒಟ್ಟಿಗೆ ಬಳಸುವಾಗ ಅದು ಕೈಕೊಡುತ್ತದೆ. ಕಾರಿನ ಸಂಖ್ಯೆ, ವರ್ಗ, ಚಾಲಕನ ಹೆಸರು ಈ ಮೂರು ಎದುರಿಗಿದ್ದರೆ ನೋಡುವುದಕ್ಕೆ ಅರ್ಥ ಬರುತ್ತದೆ. ಇಲ್ಲದಿದ್ದರೆ ಬಣ್ಣಬಣ್ಣದ ಕಾರುಗಳು ಸದ್ದು ಮಾಡಿಕೊಂಡು ಹೋದವು ಎಂಬುದಷ್ಟೇ ಉಳಿಯುತ್ತದೆ.

ರಸ್ತೆ ಮುಚ್ಚುವ ಹೊತ್ತು

ಕಾರ್ಯಕ್ರಮ ಪಟ್ಟಿಯಲ್ಲಿ ನೀವು ಕೆಂಪು ಗೆರೆ ಎಳೆದು ಗುರುತು ಮಾಡಬೇಕಾದದ್ದು ಸ್ಪರ್ಧೆ ಶುರುವಾಗುವ ಸಮಯವನ್ನಲ್ಲ, ರಸ್ತೆ ಮುಚ್ಚುವ ಸಮಯವನ್ನು. ಸ್ಪರ್ಧೆ ಹೆಚ್ಚಾಗಿ ನಡೆಯುವುದು ಉಳಿದ ದಿನ ಎಲ್ಲರೂ ಓಡಾಡುವ ರಸ್ತೆಯಲ್ಲಿ. ಅದನ್ನು ಮುಚ್ಚಿದ ಮೇಲೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಪೈಕ್ಸ್ ಪೀಕ್‌ನಲ್ಲಿ ಬೆಳಕು ಹರಿಯುವ ಮೊದಲೇ ಪ್ರೇಕ್ಷಕರ ವಾಹನಗಳು ಮೇಲೇರುತ್ತವೆ. ಸ್ಪರ್ಧೆ ಮುಗಿಯುವವರೆಗೆ ಕೆಳಗೆ ಇಳಿಯುವಂತಿಲ್ಲ. ಹಸಿವಾಯಿತು, ಚಳಿಯಾಯಿತು, ಮಗು ಅಳುತ್ತಿದೆ ಎಂದರೆ ದಾರಿ ಬಿಡುವವರಿಲ್ಲ. ನೀರು, ಊಟ, ಔಷಧ, ಬೆಚ್ಚನೆಯ ಬಟ್ಟೆ ಇಡೀ ದಿನಕ್ಕೆ ಸಾಲುವಷ್ಟು ನಿಮ್ಮ ಚೀಲದಲ್ಲೇ ಇರಬೇಕು. ಶೌಚಾಲಯ ಎಲ್ಲಿದೆ ಎಂಬುದನ್ನು ಜಾಗ ಹಿಡಿಯುವ ಮೊದಲೇ ನೋಡಿಟ್ಟುಕೊಳ್ಳಿ. ಅದು ರಸ್ತೆಯ ಆಚೆ ಬದಿಗಿದ್ದರೆ ಒಂದು ವರ್ಗದ ಕಾರುಗಳೆಲ್ಲ ಹೋಗಿ ಮುಗಿಯುವವರೆಗೆ ನೀವು ಈಚೆಯೇ.

ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಮಾರ್ಷಲ್‌ಗಳು, ಅಂದರೆ ದಾರಿಯುದ್ದಕ್ಕೂ ನಿಂತು ಸುರಕ್ಷತೆ ನೋಡಿಕೊಳ್ಳುವವರು, ರಸ್ತೆ ದಾಟಲು ಬಿಡುತ್ತಾರೆ. ಅವರು ಕೈ ಬೀಸಿದಾಗ ಮಾತ್ರ ದಾಟಿ. ಕಾರು ಹೋಗಿ ಬಹಳ ಹೊತ್ತಾಯಿತು, ಇನ್ನೊಂದು ಬಂದಿಲ್ಲ, ಆದ್ದರಿಂದ ರಸ್ತೆ ಖಾಲಿ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಕೆಳಗೆ ಏನು ನಡೆಯುತ್ತಿದೆ ಎಂಬುದು ರೇಡಿಯೊ ಹಿಡಿದವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ತಿರುವಿನ ಯಾವ ಬದಿ

ಇದೊಂದು ಮಾತ್ರ ನೆನಪಿರಲಿ: ಹಿಡಿತ ತಪ್ಪಿದ ಕಾರು ತಿರುವಿನ ಹೊರಬದಿಗೆ ಹೋಗುತ್ತದೆ. ರಸ್ತೆ ಎಡಕ್ಕೆ ತಿರುಗಿದರೂ ಕಾರು ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ಜಾರುತ್ತದೆ. ಆ ದಿಕ್ಕಿನಲ್ಲಿ ಇರುವುದೆಲ್ಲ ಅದರ ದಾರಿ. ಆದ್ದರಿಂದ ಹೊರಬದಿಯಲ್ಲಿ ನಿಲ್ಲಬಾರದು. ಅಲ್ಲಿಂದ ಛಾಯಾಚಿತ್ರ ಚೆನ್ನಾಗಿ ಬರುತ್ತದೆ ಎನ್ನುವವರ ಮಾತು ಕೇಳಬೇಡಿ. ತಡೆಗೋಡೆ ಇದೆಯಲ್ಲ ಎಂಬ ಧೈರ್ಯವೂ ಸಾಲದು. ಉಕ್ಕಿನ ತಡೆಗೋಡೆ ಬಾಗುವುದಕ್ಕೆಂದೇ ಇರುವುದು. ಕಾರು ಬಡಿದಾಗ ಅದು ಹಿಂದಕ್ಕೆ ಸರಿಯುತ್ತದೆ, ಅದಕ್ಕೆ ಒರಗಿ ನಿಂತವರ ಕಡೆಗೇ ಸರಿಯುತ್ತದೆ. ರಸ್ತೆಯ ಮಟ್ಟಕ್ಕಿಂತ ಕೆಳಗಿನ ಇಳಿಜಾರೂ ಬೇಡ, ಏಕೆಂದರೆ ಕಾರು, ಕಳಚಿದ ಚಕ್ರ, ಒಡೆದ ತುಣುಕು, ಕಲ್ಲು ಎಲ್ಲವೂ ಉರುಳುವುದು ಕೆಳಕ್ಕೇ.

ಒಳ್ಳೆಯ ಜಾಗವೆಂದರೆ ತಿರುವಿನ ಒಳಬದಿಯ ದಿಬ್ಬ. ರಸ್ತೆಯಿಂದ ನಾಲ್ಕೈದು ಮೀಟರಾದರೂ ಎತ್ತರ, ಅಂಚಿನಿಂದ ಹಿಂದಕ್ಕೆ, ಬೆನ್ನ ಹಿಂದೆ ಓಡಿ ಹೋಗಲು ತೆರವಾದ ದಾರಿ. ದಿಬ್ಬ ಹತ್ತಿ ನಿಂತ ಕೂಡಲೇ ಹಿಂತಿರುಗಿ ನೋಡಿ: ಮುಳ್ಳುಬೇಲಿ, ಹಳ್ಳ, ಕಡಿದಾದ ಬಂಡೆ ಇದ್ದರೆ ಅದು ಬಲೆ. ಬೇರೆ ಜಾಗ ಹುಡುಕಿ. ಪ್ರೇಕ್ಷಕರಿಗೆ ನಿಷಿದ್ಧವೆಂದು ಪಟ್ಟಿ ಕಟ್ಟಿದ ಜಾಗದ ಬಗ್ಗೆ ವಾದ ಬೇಡ. ಅಲ್ಲಿ ಜನ ನಿಂತರೆ ಮಾರ್ಷಲ್ ರೇಡಿಯೊದಲ್ಲಿ ಹೇಳುತ್ತಾರೆ, ಓಟ ನಿಲ್ಲುತ್ತದೆ, ಒಬ್ಬರ ಹಟಕ್ಕೆ ಇಡೀ ಬೆಟ್ಟ ಕಾಯುತ್ತದೆ. ಇಂಥ ಹಟಮಾರಿಗಳನ್ನು ನಾನು ಅನೇಕ ಕಡೆ ನೋಡಿದ್ದೇನೆ. ಅವರ ಬಗ್ಗೆ ನನಗೆ ಸ್ವಲ್ಪವೂ ಸಹನೆ ಇಲ್ಲ.

ಓಟ ನಡೆಯುವಾಗ ರಸ್ತೆಗೆ ಬೆನ್ನು ಹಾಕಿ ಮಾತಿಗೆ ನಿಲ್ಲಬೇಡಿ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ಕೂತವರು ಏಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮಾರ್ಷಲ್ ಸೀಟಿ ಊದಿದರೆ ಕಾರು ಹತ್ತಿರದಲ್ಲಿದೆ ಎಂದು ತಿಳಿಯಿರಿ. ಕೆಂಪು ಬಾವುಟ ಆಡಿಸಿದರೆ ಮೇಲೆ ಎಲ್ಲೋ ತೊಂದರೆಯಾಗಿದೆ, ಹಿಂದೆ ಬರುವ ಕಾರು ನಿಲ್ಲಬೇಕು. ಅಪಘಾತ ಎದುರಿಗೇ ಆದರೂ ಮಾರ್ಷಲ್ ಕರೆಯದೆ ರಸ್ತೆಗೆ ಇಳಿಯಬಾರದು. ನೆರವಿಗೆ ಹೋದವರ ಮೇಲೆ ಮುಂದಿನ ಕಾರು ಬರಬಹುದು.

ಹೇರ್‌ಪಿನ್‌ನಲ್ಲಿ ಏನು ನೋಡಬೇಕು

ಹೊಸಬರಿಗೆ ನನ್ನ ಸಲಹೆ ಹೇರ್‌ಪಿನ್. ವೇಗದ ತಿರುವಿನಲ್ಲಿ ಕಾಣುವುದು ಚಾಲಕನ ಎದೆಗಾರಿಕೆ. ಅದನ್ನು ಗುರುತಿಸಲು ಕಣ್ಣು ಪಳಗಿರಬೇಕು. ಹೇರ್‌ಪಿನ್‌ನಲ್ಲಿ ಕೆಲಸ ಕಾಣುತ್ತದೆ: ಬ್ರೇಕ್, ಗೇರ್ ಇಳಿಸುವುದು, ಸ್ಟೀರಿಂಗ್ ತಿರುಗಿಸುವುದು, ಮತ್ತೆ ಆ್ಯಕ್ಸಿಲರೇಟರ್ ಒತ್ತುವುದು, ಒಂದರ ಹಿಂದೆ ಒಂದು.

ತಿರುವಿಗೆ ಮೊದಲು ರಸ್ತೆಯ ಬದಿಯಲ್ಲಿ ಒಂದು ಗುರುತು ಹಿಡಿಯಿರಿ. ಸುಣ್ಣ ಬಳಿದ ಕಲ್ಲೋ, ಡಾಂಬರಿಗೆ ಹಾಕಿದ ತೇಪೆಯೋ, ಮರದ ನೆರಳೋ ಸಾಕು (ನೆರಳು ಸರಿಯುತ್ತದೆ, ಕಲ್ಲೇ ವಾಸಿ). ಪ್ರತಿ ಕಾರಿನ ಹಿಂದಿನ ಕೆಂಪು ದೀಪ ಆ ಗುರುತಿಗಿಂತ ಎಷ್ಟು ಮೊದಲು ಹೊತ್ತಿಕೊಳ್ಳುತ್ತದೆ ಎಂಬುದನ್ನಷ್ಟೇ ಗಮನಿಸಿ. ಕಾರು ನಿಮ್ಮ ಕಡೆಗೆ ಮುಖ ಮಾಡಿ ಬರುವಂತಿದ್ದರೆ ದೀಪ ಕಾಣದು. ಆಗ ಮೂತಿ ನೆಲಕ್ಕೆ ಬಾಗುವ ಕ್ಷಣ ನೋಡಿ. ಐದಾರು ಕಾರು ಹೋಗುವಷ್ಟರಲ್ಲಿ ಯಾರು ಹೆದರಿ ಬೇಗ ಬ್ರೇಕ್ ಹಾಕುತ್ತಾರೆ, ಯಾರು ಕಲ್ಲು ದಾಟಿದ ಮೇಲೂ ಕಾಲಿಡದೆ ಕಾಯುತ್ತಾರೆ ಎಂಬುದು ಸ್ಪಷ್ಟವಾಗುತ್ತದೆ. ತಡವಾಗಿ ಬ್ರೇಕ್ ಹಾಕಿದವನೇ ವೇಗದವನು ಎಂದು ತೀರ್ಮಾನಿಸಬೇಡಿ. ಕೊನೆಯ ಕ್ಷಣದವರೆಗೆ ಕಾದು, ಮೂಲೆಯಲ್ಲಿ ಅಗಲವಾಗಿ ಜಾರಿ, ಹೊರಡುವಾಗ ತಿಣುಕುವವರು ಬಹಳ ಜನ. ಮುಂದೆ ಇರುವುದು ಏರು. ತಿರುವಿನಿಂದ ನೇರವಾಗಿ, ಬೇಗ ಹೊರಬಿದ್ದ ಕಾರಿಗೆ ಆ ಏರಿನುದ್ದಕ್ಕೂ ಲಾಭ ಸಿಗುತ್ತಾ ಹೋಗುತ್ತದೆ.

ಆಮೇಲೆ ಚಕ್ರ ನೋಡಿ. ಮುಂಚಕ್ರ ಚಾಲನೆಯ ಸಣ್ಣ ಕಾರು ಬಿಗಿಯಾಗಿ ತಿರುಗುವಾಗ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮೂರೇ ಚಕ್ರದ ಮೇಲೆ ಕಾರು ಮೂಲೆ ದಾಟುತ್ತದೆ. ಆ ನಾಲ್ಕನೆಯ ಚಕ್ರ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿರುವುದು ದಿಬ್ಬದ ಮೇಲೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಹಿಂಚಕ್ರ ಚಾಲನೆಯ ಕಾರಿನ ಬಾಲ ಹೊರಕ್ಕೆ ಸರಿಯುತ್ತದೆ, ಚಾಲಕ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಅದನ್ನು ತಡೆಯುತ್ತಾನೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಕಾರು ಇಂಥ ಯಾವ ಆಟವನ್ನೂ ತೋರಿಸದೆ ಬಾಚಿಕೊಂಡು ಹೋಗಿಬಿಡುತ್ತದೆ. ನೋಡಲು ಸಪ್ಪೆ, ಗಡಿಯಾರಕ್ಕೆ ರುಚಿ.

ಮೊಬೈಲಿನ ಸ್ಟಾಪ್‌ವಾಚ್ ಕೂಡ ಉಪಯೋಗಕ್ಕೆ ಬರುತ್ತದೆ. ಕಾರು ನಿಮ್ಮ ಕಲ್ಲಿನ ಗುರುತು ದಾಟಿದಾಗ ಒತ್ತಿ, ಮೇಲಿನ ತಿರುವಿನಲ್ಲಿ ಕಣ್ಮರೆಯಾದಾಗ ಮತ್ತೆ ಒತ್ತಿ, ಸ್ಪರ್ಧಿಗಳ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕಕ್ಕೆ ಬರೆಯಿರಿ. ಇದು ಅಧಿಕೃತ ಸಮಯವಲ್ಲ, ನಿಮ್ಮ ಬೆರಳಿನ ತಪ್ಪೂ ಅದರಲ್ಲಿ ಸೇರಿರುತ್ತದೆ. ಆದರೂ ಸಂಜೆ ಫಲಿತಾಂಶ ಬಂದಾಗ ನಿಮ್ಮ ಮೂಲೆಯಲ್ಲಿ ಮುಂದಿದ್ದವರು ಒಟ್ಟಿನಲ್ಲಿ ಹಿಂದೆ ಬಿದ್ದದ್ದು ಕಂಡರೆ, ಕಳೆದುಕೊಂಡದ್ದು ಬೇರೆಲ್ಲೋ ಎಂದು ಗೊತ್ತಾಗುತ್ತದೆ.

ಕಿವಿಗೂ ಕೆಲಸವಿದೆ. ಕಾರು ಕಾಣುವುದಕ್ಕೆ ಬಹಳ ಮೊದಲೇ ಕಣಿವೆಯಿಂದ ಸದ್ದು ಏರಿಬರುತ್ತದೆ, ಬೆಟ್ಟದ ಮಗ್ಗುಲಿಗೆ ಹೋದಾಗ ಅಡಗುತ್ತದೆ, ಮತ್ತೆ ಹತ್ತಿರದಲ್ಲೇ ಎದ್ದುಬರುತ್ತದೆ. ಆ ಸದ್ದಿನಲ್ಲೇ ಗೇರ್ ಬದಲಾದದ್ದು, ಚಕ್ರ ಜಾರಿದ್ದು, ಚಾಲಕ ಹಿಂಜರಿದದ್ದು ಎಲ್ಲ ಇರುತ್ತದೆ. ಹತ್ತಿರ ಬಂದಾಗ ಮಾತ್ರ ಅದು ಕಿವಿಗೆ ಹಾನಿ ಮಾಡುವಷ್ಟು ಜೋರು. ಸ್ಪಂಜಿನ ಕಿವಿಬಿರಡೆಯನ್ನು ಬೆರಳಿನಲ್ಲಿ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. ಮಕ್ಕಳಿಗೆ ಇಡೀ ಕಿವಿ ಮುಚ್ಚುವ ರಕ್ಷಕ ಬೇಕೇ ಬೇಕು. ಅದಿಲ್ಲದೆ ಮಕ್ಕಳನ್ನು ಕರೆದೊಯ್ಯಬೇಡಿ.

ಎತ್ತರ ಮತ್ತು ಹವೆ

ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ತಾಪಮಾನ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಪೈಕ್ಸ್ ಪೀಕ್‌ನ ಆರಂಭದ ಗೆರೆಗೂ ಶಿಖರಕ್ಕೂ ಇರುವ 1,440 ಮೀಟರ್ ಅಂತರಕ್ಕೆ ಒಂಬತ್ತು ಡಿಗ್ರಿ ಇಳಿಕೆಯಾಯಿತು. ಗಾಳಿ ಬೀಸಿದರೆ ಇನ್ನೂ ಹೆಚ್ಚು ಚಳಿ. ಅದೇ ಹೊತ್ತಿಗೆ ಬಿಸಿಲಿನ ನೇರಳಾತೀತ ಕಿರಣ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಏರುತ್ತದೆ. ನಡುಗುತ್ತಲೇ ಚರ್ಮ ಸುಟ್ಟುಕೊಳ್ಳುವುದು ಬೆಟ್ಟದ ಮೇಲೆ ಮಾತ್ರ ಸಾಧ್ಯ. ಒಂದೇ ದಪ್ಪ ಕೋಟಿನ ಬದಲು ತೆಳುವಾದ ಮೂರು ಪದರ, ಮೇಲೆ ಮಳೆಗೆ ಒಂದು ಹೊದಿಕೆ, ಅಗಲ ಅಂಚಿನ ಟೋಪಿ. ಕೊಡೆ ತರಬೇಡಿ. ಹಿಂದಿನವರಿಗೆ ಅಡ್ಡ, ಗಾಳಿಗೆ ಹಾರಿದರೆ ರಸ್ತೆಗೆ ಅಪಾಯ.

ಸಮುದ್ರ ಮಟ್ಟದಿಂದ 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಶುರುವಾಗುತ್ತದೆ. ನಿಧಾನವಾಗಿ ನಡೆಯಿರಿ, ನೀರು ಕುಡಿಯುತ್ತಿರಿ, ಹಿಂದಿನ ರಾತ್ರಿ ಮದ್ಯ ಬೇಡ. ಹೆಚ್ಚಾದರೆ ಮದ್ದು ಒಂದೇ, ಕೆಳಗೆ ಇಳಿಯುವುದು. ರಸ್ತೆ ಮುಚ್ಚಿರುವಾಗ ಅದು ನಿಮ್ಮ ಕೈಯಲ್ಲಿಲ್ಲ. ತಡಮಾಡದೆ ಮಾರ್ಷಲ್‌ಗೆ ಅಥವಾ ವೈದ್ಯಕೀಯ ತಂಡಕ್ಕೆ ತಿಳಿಸಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿ, ಕೆಳಗಿನ ಪ್ರೇಕ್ಷಕ ತಾಣವನ್ನೇ ಆರಿಸಿಕೊಳ್ಳಿ.

ನಮ್ಮನ್ನು ಏದುಸಿರು ಬಿಡಿಸುವ ಗಾಳಿಯೇ ಎಂಜಿನ್ನನ್ನೂ ಕಾಡುತ್ತದೆ. 4,300 ಮೀಟರಿನಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಶೇ 60ರಷ್ಟೇ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಮೇಲಕ್ಕೆ ಹೋದಂತೆಲ್ಲ ಬಲ ಕಳೆದುಕೊಳ್ಳುತ್ತದೆ. ತೆಳು ಗಾಳಿ ಕಾರನ್ನು ನೆಲಕ್ಕೆ ಒತ್ತುವುದೂ ಕಡಿಮೆ. ಪೈಕ್ಸ್ ಪೀಕ್‌ನ ಕಾರುಗಳಿಗೆ ಅಷ್ಟು ದೊಡ್ಡ ರೆಕ್ಕೆ ಇರುವುದು ಇದೇ ಕಾರಣಕ್ಕೆ, ಶೋಕಿಗಲ್ಲ. ವಿದ್ಯುತ್ ಮೋಟಾರಿಗೆ ಉಸಿರಾಟದ ಹಂಗಿಲ್ಲ. 2018ರಲ್ಲಿ ರೊಮೇನ್ ಡ್ಯುಮಾ ಫೋಕ್ಸ್‌ವ್ಯಾಗನ್ ಐಡಿ ಆರ್ ಎಂಬ ವಿದ್ಯುತ್ ಕಾರಿನಲ್ಲಿ 7 ನಿಮಿಷ 57.148 ಸೆಕೆಂಡಿನಲ್ಲಿ ಶಿಖರ ಮುಟ್ಟಿದರು. ಅದಕ್ಕೆ ಮುಂಚಿನ ದಾಖಲೆ 2013ರಲ್ಲಿ ಸೆಬಾಸ್ಟಿಯನ್ ಲೋಬ್ ಪೆಟ್ರೋಲ್ ಕಾರಿನಲ್ಲಿ ಮಾಡಿದ 8 ನಿಮಿಷ 13.878 ಸೆಕೆಂಡು. 1916ರ ಮೊದಲ ಸ್ಪರ್ಧೆಯಲ್ಲಿ ರೀ ಲೆಂಟ್ಸ್ ಗೆದ್ದಾಗ ಹಿಡಿದದ್ದು 20 ನಿಮಿಷ 55.6 ಸೆಕೆಂಡು, ಅದೂ ಮಣ್ಣಿನ ರಸ್ತೆಯಲ್ಲಿ. ಇಡೀ ದಾರಿಗೆ ಡಾಂಬರು ಬಿದ್ದ ಮೇಲೆ ನಡೆದ ಮೊದಲ ಸ್ಪರ್ಧೆ 2012ರದ್ದು. ವಿದ್ಯುತ್ ಕಾರು ಹೆಚ್ಚು ಸದ್ದಿಲ್ಲದೆ ಬರುತ್ತದೆ ಎಂಬುದು ಪ್ರೇಕ್ಷಕರಿಗೆ ಸುರಕ್ಷತೆಯ ವಿಷಯವೂ ಹೌದು. ಪಟ್ಟಿಯಲ್ಲಿ ಅಂಥ ಕಾರುಗಳಿದ್ದರೆ ಗುರುತು ಹಾಕಿಕೊಂಡು, ಕಾರಿನ ಸದ್ದನ್ನು ನಂಬದೆ ಮಾರ್ಷಲ್ ಊದುವ ಸೀಟಿಗೆ ಕಾಯಿರಿ.

ಗುಡುಗನ್ನು ಹಗುರವಾಗಿ ಕಾಣಬೇಡಿ. ಪೈಕ್ಸ್ ಪೀಕ್‌ನ ಮೇಲ್ಭಾಗದಲ್ಲಿ ಡೆವಿಲ್ಸ್ ಪ್ಲೇಗ್ರೌಂಡ್ ಎಂಬ ಪ್ರೇಕ್ಷಕ ತಾಣವಿದೆ. ಬಂಡೆಯಿಂದ ಬಂಡೆಗೆ ಸಿಡಿಲು ಹಾರಾಡುತ್ತದೆ ಎಂಬುದೇ ಆ ಹೆಸರಿಗೆ ಮೂಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ದಿಬ್ಬದಿಂದ ಇಳಿದು ಗಾಜು ಏರಿಸಿದ ಕಾರಿನೊಳಗೆ ಕುಳಿತುಕೊಳ್ಳಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಅಲ್ಲೇ ಇರಿ. ಒಂಟಿ ಮರದ ಬುಡ, ತೆರೆದ ಡೇರೆ ಎರಡೂ ಆಸರೆಯಲ್ಲ. ಹವೆ ಕೆಟ್ಟರೆ ಸ್ಪರ್ಧೆಯ ದಾರಿಯನ್ನೇ ಮೊಟಕುಗೊಳಿಸುವುದುಂಟು. 2021ರಲ್ಲಿ ಶಿಖರದ ಬಳಿ ಹಿಮಗಟ್ಟಿ ಮುಕ್ತಾಯವನ್ನು ಡೆವಿಲ್ಸ್ ಪ್ಲೇಗ್ರೌಂಡ್‌ಗೇ ತಂದರು. ಬರೀ ತುತ್ತತುದಿಯ ಮೇಲೆ ಕಣ್ಣಿಟ್ಟು ಜಾಗ ಹಿಡಿದವರಿಗೆ ಇದು ಕಷ್ಟ. ನಡು ಎತ್ತರದ ತಿರುವು ಹೆಚ್ಚು ನಂಬಿಕೆಯದು.

ಪ್ಯಾಡಕ್, ಕ್ಯಾಮೆರಾ

ಬಹಳಷ್ಟು ಹಿಲ್ ಕ್ಲೈಂಬ್‌ಗಳಲ್ಲಿ ಪ್ಯಾಡಕ್ (ಕಾರುಗಳನ್ನು ನಿಲ್ಲಿಸಿ ಸಜ್ಜುಗೊಳಿಸುವ ಆವರಣ) ಒಳಗೆ ಪ್ರೇಕ್ಷಕರೂ ಓಡಾಡಬಹುದು. ಓಟ ಮುಗಿಸಿ ಬಂದ ಚಾಲಕರು ಖುಷಿಯಿಂದ ಮಾತನಾಡುತ್ತಾರೆ. ಹೊರಡುವ ಮುನ್ನ ಅವರನ್ನು ಮಾತಿಗೆ ಎಳೆಯಬೇಡಿ. ಕಣ್ಣು ಮುಚ್ಚಿ, ಕೈಯನ್ನು ಗಾಳಿಯಲ್ಲೇ ಆಡಿಸುತ್ತಾ ತಿರುವುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವವರು ಸಿಕ್ಕರೆ ಸದ್ದಿಲ್ಲದೆ ಮುಂದೆ ಹೋಗಿ. ಕೇಳದೆ ಕಾರು ಮುಟ್ಟಬೇಡಿ. ಬಿಸಿ ಹೊದಿಕೆ ಸುತ್ತಿದ ಟೈರುಗಳ ಬಳಿ ವೈರುಗಳನ್ನು ತುಳಿಯದಂತೆ ನೋಡಿಕೊಳ್ಳಿ.

ಕ್ಯಾಮೆರಾ ಇದ್ದವರಿಗೆ ಎರಡೇ ಮಾತು. ಕಾರಿನ ಜತೆಗೇ ಕ್ಯಾಮೆರಾ ತಿರುಗಿಸುತ್ತಾ, ಸೆಕೆಂಡಿನ 125ನೇ ಒಂದು ಭಾಗದ ಆಸುಪಾಸಿನ ಷಟರ್ ವೇಗದಲ್ಲಿ ತೆಗೆದರೆ ಹಿನ್ನೆಲೆ ಮಸುಕಾಗಿ ವೇಗ ಕಾಣುತ್ತದೆ. ಫ್ಲ್ಯಾಶ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಮೊದಲ ಹತ್ತು ಕಾರುಗಳನ್ನು ಬರಿಗಣ್ಣಿನಿಂದಲೇ ನೋಡಿ ಎನ್ನುವುದು ನನ್ನ ಹಳೆಯ ಒತ್ತಾಯ. ಪರದೆಯಲ್ಲಿ ನೋಡುತ್ತಾ ದಿನ ಕಳೆದವರು ಆ ಕಲ್ಲಿನ ಗುರುತನ್ನು ಗಮನಿಸಿದ್ದನ್ನು ನಾನು ಕಂಡಿಲ್ಲ.

ಇಳಿಯುವಾಗ

ಕೊನೆಯ ಕಾರು ಮೇಲೆ ಹೋದ ಕೂಡಲೇ ಚೀಲ ಹೆಗಲಿಗೇರಿಸಬೇಡಿ. ಮೇಲೆ ಹೋದ ಕಾರುಗಳೆಲ್ಲ ಸಾಲಾಗಿ, ನಿಧಾನವಾಗಿ ಕೆಳಗೆ ಬರುತ್ತವೆ. ಪೈಕ್ಸ್ ಪೀಕ್‌ನಲ್ಲೂ ಯುರೋಪಿನ ಎಷ್ಟೋ ಬೆಟ್ಟಗಳಲ್ಲೂ ಆಗ ಜನ ರಸ್ತೆಯ ಅಂಚಿಗೆ ಬಂದು ಕೈಚಾಚುತ್ತಾರೆ, ಚಾಲಕರು ಕಿಟಕಿಯಿಂದ ಕೈ ಹೊರಹಾಕಿ ಅಂಗೈಗೆ ಅಂಗೈ ತಟ್ಟುತ್ತಾ ಹೋಗುತ್ತಾರೆ. ಬೆಳಿಗ್ಗೆಯಿಂದ ಸಂಖ್ಯೆಯಾಗಿ ಮಾತ್ರ ಕಂಡವರ ಮುಖ ನೋಡುವ ಅವಕಾಶ ಇದು. ಮಾರ್ಷಲ್‌ಗಳು ರಸ್ತೆಗೆ ಬರಬಹುದು ಎಂದ ಮೇಲೆ ಮಾತ್ರ ಮುಂದೆ ಬನ್ನಿ. ಮಾರ್ಷಲ್‌ಗಳಿಗೂ ಒಂದು ಚಪ್ಪಾಳೆ ಇರಲಿ, ಅವರಲ್ಲಿ ಹೆಚ್ಚಿನವರು ಸ್ವಯಂಸೇವಕರು.

ಆಮೇಲೆ ವಾಹನಗಳ ಸಾಲು. ಎಲ್ಲರೂ ಒಂದೇ ರಸ್ತೆಯಲ್ಲಿ ಒಟ್ಟಿಗೆ ಇಳಿಯುತ್ತಾರೆ, ಅವಸರ ಪಟ್ಟು ಸಿಗುವುದು ಏನೂ ಇಲ್ಲ. ನಿಮ್ಮ ಕಸವನ್ನು ಚೀಲಕ್ಕೆ ತುಂಬಿಕೊಳ್ಳಿ, ಉಳಿದ ಊಟ ಮಾಡಿ, ಒಂದು ಗಂಟೆ ತಡವಾಗಿ ಹೊರಡಿ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ, ಆಟೊಮ್ಯಾಟಿಕ್ ಆದರೂ ಕಡಿಮೆ ಗೇರಿಗೆ ಹಾಕಿ. ಪೈಕ್ಸ್ ಪೀಕ್ ರಸ್ತೆಯಲ್ಲಿ ಪ್ರವಾಸಿಗರ ಕಾರು ಇಳಿಯುವಾಗ ಗ್ಲೆನ್ ಕೋವ್ ಎಂಬಲ್ಲಿ ಸಿಬ್ಬಂದಿ ಬ್ರೇಕಿನ ಬಿಸಿ ಅಳೆಯುತ್ತಾರೆ. ಹೆಚ್ಚಿದ್ದರೆ ತಣಿಯುವವರೆಗೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಹಾಗೆ ಅಳೆಯುವವರಿಲ್ಲದ ಬೆಟ್ಟದಲ್ಲಿ ಸುಟ್ಟ ವಾಸನೆ ಬಂದರೆ ನೀವೇ ನಿಲ್ಲಿಸಿ, ಅರ್ಧ ಗಂಟೆ ಬಿಡಿ, ಬಿಸಿಯಾದ ಬ್ರೇಕಿಗೆ ನೀರು ಸುರಿಯಬೇಡಿ.